ಸಮುದ್ರವಿಲ್ಲದ ಊರಿನ ದಂಡೆ: ನವನಗರ ಬೆಳೆದರೆ ಪರಿಸರದ ಲೆಕ್ಕ ಹಾಕೋದು ಹೆಂಗ?

ಪರಿಸರ ಪರಿಣಾಮ ಮೌಲ್ಯಮಾಪನ, ಅಂದರೆ ನಾವೆಲ್ಲ ಇಐಎ ಅಂತ ಕರೆಯೋ ವಿಷಯ, ಸಿವಿಲ್‌ನವರಿಗೆ ಒಂದು ಪೇಪರ್. ಉಳಿದ ಬ್ರಾಂಚಿನವರಿಗೆ ಪರಿಸರ ಅಧ್ಯಯನದ ಪುಸ್ತಕದಲ್ಲಿ ಎರಡು ಪುಟ. ಪಾಠದಲ್ಲಿ ಬರುವ ಉದಾಹರಣೆಗಳು ದೂರದವು. ಕೆಸರು ಬಯಲನ್ನು ಮಣ್ಣಿನಿಂದ ತುಂಬಿ ಕಟ್ಟಿದ ದಕ್ಷಿಣ ಕೊರಿಯಾದ ಸೊಂಗ್ಡೊ, ಇಲ್ಲವೇ ನವಿ ಮುಂಬಯಿ. ಸಮುದ್ರತೀರದಲ್ಲಿ ಹೊಸ ಪಟ್ಟಣ ಬೆಳೆದರೆ ನೀರಿಗೆ, ಹಕ್ಕಿಗೆ, ಮೀನುಗಾರರಿಗೆ ಏನಾಗುತ್ತದೆ ಅನ್ನೋದು ಅಲ್ಲಿನ ಪ್ರಶ್ನೆ. ಓದಿದವರು "ಬಾಗಲಕೋಟಿಗೂ ಸಮುದ್ರಕ್ಕೂ ಏನ್ ಸಂಬಂಧ್ರೀ" ಅಂತ ಪುಟ ತಿರುವಿ ಹಾಕೋದು ಸಹಜ.

ಸಮುದ್ರ ಇಲ್ಲ, ಖರೆ. ಆದರೆ ದಂಡೆ ಐತಿ. ಹೊಸ ಪಟ್ಟಣವೂ ಐತಿ. ಆ ಪಟ್ಟಣ ಹುಟ್ಟಿದ್ದೇ ಆ ದಂಡೆ ಊರೊಳಗೆ ನಡೆದುಬಂದದ್ದರಿಂದ.

ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ, ನಮ್ಮ ಕಡೆಯ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಜಲಾಶಯ ತುಂಬಿದರೆ ಕೃಷ್ಣೆಯಷ್ಟೇ ಅಲ್ಲ, ಅದಕ್ಕೆ ಸೇರುವ ಘಟಪ್ರಭೆಯೂ ಹಿಂದಕ್ಕೆ ಉಬ್ಬುತ್ತದೆ. ಆ ಘಟಪ್ರಭೆಯ ದಂಡೆಯಲ್ಲೇ ಹಳೇ ಬಾಗಲಕೋಟೆ ಇರೋದು. ಊರಿನ ತಗ್ಗು ಭಾಗ ಮುಳುಗಡೆಗೆ ಬಂತು. ಸಂತ್ರಸ್ತರಿಗಾಗಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿಕೊಂಡಿತು. ಎತ್ತರದ ಕಲ್ಲುಮಡ್ಡಿಯ ಮೇಲೆ ಸೆಕ್ಟರ್ ಸೆಕ್ಟರ್ ಆಗಿ ನವನಗರ ಎದ್ದಿತು. ಇದರ ಯೋಜನೆಯಲ್ಲಿ ಕೆಲಸ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬಯಿಯ ಕಲ್ಪನೆ ಮುಂದಿಟ್ಟವರಲ್ಲೂ ಇವರೊಬ್ಬರು. ಅಂದರೆ ಪುಸ್ತಕದ ಆ ಉದಾಹರಣೆಗೂ ನಮ್ಮೂರಿಗೂ ನಂಟು ಇಲ್ಲದಿಲ್ಲ.

ಈಗ ಮುಖ್ಯ ವಿಷಯ. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.6 ಮೀಟರ್, 2000ನೇ ಇಸವಿಯ ಸುಪ್ರೀಂ ಕೋರ್ಟ್ ತೀರ್ಪು ಅಲ್ಲಿಗೆ ಮಿತಿ ಹಾಕಿತ್ತು. 2010ರ ಡಿಸೆಂಬರ್‌ನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನಿಲ್ಲಿಸಬಹುದು ಎಂದಿತು. ವ್ಯಾಜ್ಯಗಳಲ್ಲಿ ಅದು ವರ್ಷಗಟ್ಟಲೆ ಸಿಲುಕಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಪರಿಹಾರ ಎಂದು ತೀರ್ಮಾನಿಸಿತು. ನೀರು ಏರಿದರೆ ಹಳೇ ಊರಿನ ಇನ್ನಷ್ಟು ವಾರ್ಡುಗಳು ಏಳಬೇಕು, ನವನಗರದ ಯೂನಿಟ್‌ಗಳು ಇನ್ನಷ್ಟು ಹರಡಬೇಕು. ಹಾಗಾಗಿ ನಮ್ಮ ಪ್ರಶ್ನೆಗೆ ಎರಡು ಮುಖ: ಊರು ನೀರಿನ ಕಡೆಗೆ ಬೆಳೀತದ, ನೀರೂ ಊರಿನ ಕಡೆಗೆ ಬರ್ತದ. ಸಮುದ್ರತೀರದ ಪಟ್ಟಣಗಳು ಏರುವ ಸಮುದ್ರದ ಬಗ್ಗೆ ಚಿಂತಿಸುವುದು ಇದೇ ರೀತಿ. ನಮ್ಮಲ್ಲಿ ಏರುವ ಮಟ್ಟ ಮಾತ್ರ ಮೂರು ದಶಾಂಶ ಸ್ಥಾನದವರೆಗೆ ಮೊದಲೇ ಗೊತ್ತು!

ದಂಡೆ ಎಲ್ಲಿದೆ?

ಮೌಲ್ಯಮಾಪನದ ಮೊದಲ ಕೆಲಸ ಅಧ್ಯಯನದ ಗಡಿ ಗುರುತಿಸುವುದು. ಸಮುದ್ರದಲ್ಲಿ ಉಬ್ಬರದ ಗೆರೆ ಸಿಗುತ್ತದೆ, ದಿನಕ್ಕೆರಡು ಸಲ ಬಂದು ಹೋಗುತ್ತದೆ. ಹಿನ್ನೀರಿನ ಉಬ್ಬರ ವರ್ಷಕ್ಕೆ ಒಂದೇ ಸಲ. ಮಳೆಗಾಲದ ಕೊನೆಗೆ ತುಂಬಿ, ಬೇಸಿಗೆಯ ಕೊನೆಗೆ ಸುಮಾರು 10 ಮೀಟರ್ ಇಳಿಯುತ್ತದೆ. ಹತ್ತು ಮೀಟರ್ ಅಂದರೆ ಮೂರು ಅಂತಸ್ತಿನ ಮನೆ ಅಷ್ಟ, ಅನಬಹುದು. ಆದರೆ ನಮ್ಮದು ಎರಿಭೂಮಿ, ಇಳಿಜಾರು ಬಹಳ ಕಮ್ಮಿ. 200 ಮೀಟರ್ ನಡೆದರೆ ಒಂದು ಮೀಟರ್ ಇಳಿಯುವ ನೆಲ ಅಂತ ಹಿಡಿಯಿರಿ. 10 ಮೀಟರ್ ಇಳಿತ ಎಂದರೆ ನೀರು 2 ಕಿಲೋಮೀಟರ್ ಹಿಂದೆ ಸರಿಯಿತು. ಅದೇ ಇಳಿಜಾರಿನಲ್ಲಿ 519.6ರಿಂದ 524.256ಕ್ಕೆ, ಅಂದರೆ 4.656 ಮೀಟರ್ ಏರಿದರೆ, ದಂಡೆ 930 ಮೀಟರ್ ಮುಂದೆ ಬರುತ್ತದೆ. ಇಳಿಜಾರು ಐವತ್ತಕ್ಕೊಂದು ಆದರೆ ಬರೀ 233 ಮೀಟರ್. ಸರ್ವೇ ಲ್ಯಾಬಿನಲ್ಲಿ ಬೇಸರಪಟ್ಟು ಮಾಡುವ ಕಾಂಟೂರ್ ಯಾರ ಮನೆ ಉಳಿಯುತ್ತದೆ, ಯಾರದ್ದು ಹೋಗುತ್ತದೆ ಅಂತ ಹೇಳುವ ಗೆರೆ. ಮುಳುಗಡೆ ಕಂಡ ಮನೆಯವರಿಗೆ ಇದನ್ನ ಯಾರೂ ಕಲಿಸಬೇಕಾಗಿಲ್ಲ, ತಮ್ಮ ಹೊಸ್ತಿಲು ಎಷ್ಟು ಮೀಟರ್‌ನಲ್ಲಿದೆ ಅನ್ನೋದು ಅವರಿಗೆ ಬಾಯಿಪಾಠ.

ಈ ಏರಿಳಿತದ ಪಟ್ಟಿ ಬಹಳ ವಿಚಿತ್ರ ಜಾಗ. ನೀರು ಸರಿದಾಗ ಹಸಿ ಮಣ್ಣಿನಲ್ಲಿ ಬೆಳೆ ಬರುತ್ತದೆ, ತುಂಬಿದಾಗ ಅಲ್ಲೇ ಮೀನಿನ ಬಲೆ ಬೀಳುತ್ತದೆ. ತೆಳು ನೀರು ಕೆಸರು ಕೂಡುವಲ್ಲಿ ರಾಜಹಂಸಗಳು ಬಂದು ಇಳಿಯುತ್ತವೆ. ಹೆರಕಲ್ ಕಡೆಯ ಹಿನ್ನೀರಿನ ಫೋಟೊಗಳನ್ನು ನೀವೂ ನೋಡಿರಬಹುದು. ಚೀನಾದ ತ್ರೀ ಗಾರ್ಜಸ್ ಜಲಾಶಯ ವರ್ಷದಲ್ಲಿ 145ರಿಂದ 175 ಮೀಟರ್ ನಡುವೆ ಆಡುತ್ತದೆ. ಆ 30 ಮೀಟರ್ ಪಟ್ಟಿಯಲ್ಲಿ ಮಣ್ಣು ಸವೆಯುವುದು, ಒಣಗಿದಾಗ ಬೆಳೆದ ಗಿಡ ಮುಳುಗಿ ಕೊಳೆಯುವುದು, ಅದರಿಂದ ನೀರಿಗೆ ಪೋಷಕಾಂಶ ಸೇರುವುದು, ಇವನ್ನೇ ಅಲ್ಲಿನ ವಿಜ್ಞಾನಿಗಳು ದೊಡ್ಡದಾಗಿ ಅಧ್ಯಯನ ಮಾಡಿದ್ದಾರೆ. ನಮ್ಮ ಪಟ್ಟಿಗೂ ಇಂಥದ್ದೇ ಪಾಠ ಬೇಕು.

ಇಲ್ಲೊಂದು ತೊಡಕು ಐತಿ. ನಮ್ಮ ದೇಶದ ಪದ್ಧತಿಯಲ್ಲಿ ಮೂಲ ಸ್ಥಿತಿಯ ಮಾಹಿತಿಯನ್ನು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನಲ್ಲಿ, ಮೂರು ತಿಂಗಳು ಸಂಗ್ರಹಿಸುತ್ತಾರೆ. ಮಾರ್ಚ್‌ನಿಂದ ಮೇವರೆಗೆ ಅಳೆದವನಿಗೆ ಒಣ ಎರಿ, ದೂರದಲ್ಲೊಂದು ನೀರಿನ ಗೆರೆ ಕಾಣುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಳೆದವನಿಗೆ ಸಮುದ್ರವೇ ಕಾಣುತ್ತದೆ. ಎರಡೂ ವರದಿ ಸುಳ್ಳಲ್ಲ, ಎರಡೂ ಅರ್ಧ. ಹಿನ್ನೀರಿನ ಊರಿಗೆ ಒಂದು ಋತುವಿನ ಅಳತೆ ಸಾಲದು, ತುಂಬಿದಾಗೊಮ್ಮೆ ಇಳಿದಾಗೊಮ್ಮೆ ಅಳೆಯಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಕಾನೂನು ಏನಂತದ?

ಸಮುದ್ರದ ಊರಾಗಿದ್ದರೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತಿತ್ತು: 1991ರದು, ಆಮೇಲೆ 2011, ಈಗ 2019ರದು. ಅದು ಸಮುದ್ರಕ್ಕೆ, ಉಬ್ಬರವಿಳಿತ ಮುಟ್ಟುವ ನದಿ-ಅಳಿವೆಗಳಿಗೆ ಮಾತ್ರ. ಹೋಗಲಿ, ಜೌಗುಪ್ರದೇಶ ಅಂತ ರಕ್ಷಣೆ ಸಿಗಬಹುದೇ? 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಮನುಷ್ಯ ಕಟ್ಟಿದ ಜಲಮೂಲಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹಿನ್ನೀರಿನ ದಂಡೆ ಎರಡೂ ಬಲೆಯಿಂದ ಜಾರುತ್ತದೆ. ಇದಕ್ಕೆ ಹೋಲಿಸಿದರೆ ಬಾದಾಮಿ ನೋಡ್ರಿ. ಅಲ್ಲಿ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು 2010ರ ತಿದ್ದುಪಡಿ ಕಾಯ್ದೆ ಗೆರೆ ಎಳೆದಿದೆ. ಕಲ್ಲಿಗೆ ಗೆರೆ ಐತಿ, ನೀರಿಗೆ ಇಲ್ಲ.

ಉಳಿದದ್ದು 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆ. ಅದರ ಪಟ್ಟಿಯಲ್ಲಿ 8ನೇ ಬಾಬು ಕಟ್ಟಡ ಮತ್ತು ಟೌನ್‌ಶಿಪ್‌ಗಳದ್ದು. 50 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚು ಜಾಗದ, ಇಲ್ಲವೇ 1,50,000 ಚದರ ಮೀಟರ್ ಅಥವಾ ಹೆಚ್ಚು ಕಟ್ಟಡದ ಟೌನ್‌ಶಿಪ್ ಪೂರ್ವಾನುಮತಿ ಪಡೆಯಬೇಕು. ಆದರೆ ಇದೇ ಅಧಿಸೂಚನೆ ಟೌನ್‌ಶಿಪ್‌ಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಡುತ್ತದೆ. ನಗರದ ಬಿಲ್ಡರ್‌ನ ಬಡಾವಣೆ ಮನಸ್ಸಿನಲ್ಲಿಟ್ಟು ಬರೆದ ವಿನಾಯಿತಿ ಇದ್ದೀತು. ಊರಿಗೆ ಊರೇ ಎದ್ದು ಹೋಗಿ ಕೂರುವ ಪುನರ್ವಸತಿ ಪಟ್ಟಣಕ್ಕೆ ಇದು ಒಪ್ಪುವುದಿಲ್ಲ. ಒಮ್ಮೆ ಮುಳುಗಡೆ ಕಂಡವರ ಬಾಯಿಂದ ಕೇಳಬೇಕಾದ್ದು ಬಹಳ ಇರುತ್ತದೆ: ಯಾವ ನಾಲಾ ಎಲ್ಲಿ ಉಕ್ಕಿತು, ಹೊಸ ಮನೆಗೆ ದನ ಯಾಕೆ ತರಲಾಗಲಿಲ್ಲ, ಹಳೇ ಪ್ಯಾಟಿಯ ವ್ಯಾಪಾರ ಎಷ್ಟು ಹಿಂದೆ ಬಿತ್ತು. ಕಾನೂನು ಕೇಳದಿದ್ದರೂ ಒಳ್ಳೆ ಮೌಲ್ಯಮಾಪಕ ಕೇಳಬಹುದು. ಬೇಡ ಅಂತ ಯಾವ ಅಧಿಸೂಚನೆಯೂ ಹೇಳಿಲ್ಲ.

ಎರಡು ಲೆಕ್ಕ

ವಿಸ್ತರಣೆಯ ಪರಿಣಾಮವನ್ನ ಮಾತಿನಲ್ಲಿ ಹೇಳಿದರೆ ಜಗಳ ಮುಗಿಯೋದಿಲ್ಲ, ಸಂಖ್ಯೆಗೆ ಬರೋಣ. ಮೊದಲು ಮಳೆ. ನೂರು ಹೆಕ್ಟೇರ್ ಮಡ್ಡಿಯನ್ನು ಬಡಾವಣೆ ಮಾಡುತ್ತೀರಿ. ರ‍್ಯಾಷನಲ್ ಸೂತ್ರದ ಪ್ರಕಾರ ಹರಿವು = ಹರಿವಿನ ಗುಣಾಂಕ × ಮಳೆಯ ತೀವ್ರತೆ × ವಿಸ್ತೀರ್ಣ ÷ 360. ಗಂಟೆಗೆ 40 ಮಿ.ಮೀ. ಮಳೆ ಅಂದುಕೊಳ್ಳಿ. ಖಾಲಿ ನೆಲದ ಗುಣಾಂಕ 0.3 ಆದರೆ ಸೆಕೆಂಡಿಗೆ 3.3 ಘನ ಮೀಟರ್. ರಸ್ತೆ, ಟೆರೇಸು, ಫರ್ಶಿ ಬಂದು ಗುಣಾಂಕ 0.7 ಆದರೆ 7.8 ಘನ ಮೀಟರ್. ಮಳೆ ಅದೇ, ನಾಲಾ ಅದೇ, ನೀರು ಎರಡು ಪಟ್ಟಿಗೂ ಹೆಚ್ಚು. ಜಲಾಶಯ ತುಂಬಿರುವಾಗ ಈ ಮಳೆ ಬಂದರೆ ನಾಲಾದ ಬಾಯಿಯೇ ಹಿನ್ನೀರಿನಲ್ಲಿ ಮುಳುಗಿರುತ್ತದೆ, ನೀರು ಹಿಂದಕ್ಕೆ ಒತ್ತುತ್ತದೆ. ನವಿ ಮುಂಬಯಿಯವರಿಗೆ ಉಬ್ಬರದ ಹೊತ್ತಿನ ಮಳೆ ಇದೇ ತೊಂದರೆ ಕೊಟ್ಟಾಗ ಅವರು ತಡೆಕೊಳಗಳನ್ನು ಕಟ್ಟಿ, ಉಬ್ಬರ ಇಳಿಯುವವರೆಗೆ ಮಳೆನೀರನ್ನು ಹಿಡಿದಿಟ್ಟು ಆಮೇಲೆ ಬಿಟ್ಟರು. ಅಲ್ಲಿ ಉಬ್ಬರ ಆರು ತಾಸಿಗೆ ಇಳಿಯುತ್ತದೆ. ನಮ್ಮದು ಇಳಿಯಲು ತಿಂಗಳುಗಳು ಬೇಕು. ಹಾಗಾಗಿ ಅವರ ಪರಿಹಾರವನ್ನು ಹಾಗೇ ತಂದು ಕೂರಿಸಲು ಬರೋದಿಲ್ಲ. ನಾಲಾ ಕೂಡುವ ಮಟ್ಟ 524.256ಕ್ಕಿಂತ ಮೇಲಿರುವಂತೆ ಈಗಲೇ ನೋಡಿಕೊಳ್ಳಬೇಕು, ನೀರನ್ನು ಮೇಲೆಯೇ ಇಂಗಿಸಬೇಕು.

ಎರಡನೆಯದು ಚರಂಡಿ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅನ್ನೋದು ವಿನ್ಯಾಸದ ರೂಢಿ; ಅದರ ಶೇ. 80 ಕೊಳಚೆಯಾಗಿ ಹೊರಬರುತ್ತದೆ. ಒಂದು ಲಕ್ಷ ಜನ ಹೆಚ್ಚಾದರೆ 135 ಲಕ್ಷ ಲೀಟರ್ ನೀರು, 108 ಲಕ್ಷ ಲೀಟರ್ ಕೊಳಚೆ. ಲೀಟರಿಗೆ 250 ಮಿ.ಗ್ರಾಂ. ಬಿಒಡಿ ಅಂದರೆ ದಿನಕ್ಕೆ 2,700 ಕಿಲೋ ಆಮ್ಲಜನಕ ಬೇಡುವ ಹೊಲಸು. ಹರಿಯುವ ನದಿ ಇದನ್ನು ಒಂದಿಷ್ಟು ಜೀರ್ಣಿಸಿಕೊಳ್ಳುತ್ತದೆ. ನಿಂತ ಹಿನ್ನೀರಿನ ತೋಳಿಗೆ ಆ ಶಕ್ತಿ ಕಮ್ಮಿ. ಮೇಲಿನಿಂದ ಮುಧೋಳ ಸೀಮೆಯ ಕಬ್ಬಿನ ಗದ್ದೆಯ ಗೊಬ್ಬರವೂ ಇದೇ ಘಟಪ್ರಭೆಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ನೀರು ತೀರಾ ಕಮ್ಮಿ, ಹೊಲಸು ಮಾತ್ರ ಅಷ್ಟೇ. ಬಿಒಡಿ ತೆಗೆಯುವ ಶುದ್ಧೀಕರಣ ಘಟಕ ರಂಜಕವನ್ನೂ ತೆಗೆಯುತ್ತದೆ ಅಂತಿಲ್ಲ, ಪಾಚಿಗೆ ಬೇಕಾಗಿರೋದು ಅದೇ. ವರದಿಯಲ್ಲಿ "ಎಸ್‌ಟಿಪಿ ಕಟ್ಟಲಾಗುವುದು" ಅನ್ನೋ ಸಾಲು ನೋಡಿ ಸಮಾಧಾನ ಪಡಬೇಡ್ರಿ. ಯಾವ ತಿಂಗಳ ನೀರಿಗೆ ಲೆಕ್ಕ ಹಾಕಿದ್ದಾರೆ ಅಂತ ಕೇಳ್ರಿ.

ಗಡಿಯಾಚೆಯ ಪರಿಣಾಮ

ಲಿಯೋಪೋಲ್ಡ್ ಮ್ಯಾಟ್ರಿಕ್ಸ್ ಪರೀಕ್ಷೆಗೆ ಬರುತ್ತದೆ: 1971ರದು, 100 ಕ್ರಿಯೆಗಳು, 88 ಪರಿಸರ ಅಂಶಗಳು, ಒಟ್ಟು 8,800 ಚೌಕ. ಪ್ರತಿ ಚೌಕದಲ್ಲಿ ಪರಿಣಾಮದ ಗಾತ್ರ ಒಂದು ಅಂಕಿ, ಮಹತ್ವ ಇನ್ನೊಂದು ಅಂಕಿ. ಎಲ್ಲ ತುಂಬಬೇಕಿಲ್ಲ, ಅನ್ವಯಿಸುವ ಚೌಕ ಗುರುತಿಸಿದರೆ ಸಾಕು. ಇದರ ದೋಷ ಏನಂದರೆ, ಒಂದು ಪರಿಣಾಮ ಇನ್ನೊಂದನ್ನ ಹುಟ್ಟಿಸೋದು ಚೌಕದಲ್ಲಿ ಕಾಣುವುದಿಲ್ಲ. ನವನಗರದಲ್ಲಿ ಮನೆ ಏಳಬೇಕಾದರೆ ಕಲ್ಲು, ಜಲ್ಲಿ, ಮರಳು ಎಲ್ಲಿಂದಲೋ ಬರಬೇಕು. ಇಳಕಲ್ ಕಡೆಯ ಕೆಂಪು ಗ್ರಾನೈಟ್ ಕ್ವಾರಿ, ಕ್ರಷರ್ ಧೂಳು, ನದಿಪಾತ್ರದ ಮರಳು, ಇವೆಲ್ಲ ಟೌನ್‌ಶಿಪ್‌ನ ನಕ್ಷೆಯ ಹೊರಗೆ. 2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪೂರ್ವಾನುಮತಿ ಬೇಕು ಎಂದಿತು. ಆದರೂ ಆ ಕಡತ ಬೇರೆ, ಊರಿನ ಕಡತ ಬೇರೆ, ಅಣೆಕಟ್ಟಿನ ಕಡತ ಇನ್ನೊಂದು. ಮೂರರಲ್ಲೂ ಬರುವ ನೀರು, ಜನ ಮಾತ್ರ ಒಂದೇ. ಇವನ್ನು ಕೂಡಿಸಿ ನೋಡುವುದಕ್ಕೆ ಸಂಚಿತ ಪರಿಣಾಮ ಅಂತ ಹೆಸರು. ಪಠ್ಯದಲ್ಲಿ ಒಂದು ಪ್ಯಾರಾ ಇರುತ್ತದೆ, ವರದಿಗಳಲ್ಲಿ ಅಷ್ಟೂ ಇರುವುದಿಲ್ಲ.

ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಇನ್ನೊಂದು ಹಿನ್ನೀರು ಐತಿ, ನಾರಾಯಣಪುರದ್ದು. ಅಲ್ಲಿ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ಹೊರಗಿಟ್ಟಿದ್ದಾರೆ. ಒಂದು ಮಂಟಪಕ್ಕೆ ಗೋಡೆ ಸಾಧ್ಯ, ಊರಿಗೆ ಗೋಡೆ ಕಟ್ಟಿದರೆ ಒಳಗಿನ ಮಳೆನೀರು ಹೊರಹಾಕಲು ಪಂಪು ಬೇಕು, ಪಂಪಿಗೆ ಕರೆಂಟು, ಕರೆಂಟಿಗೆ ಬಿಲ್ಲು ಕಟ್ಟುವವರು. ಪರ್ಯಾಯಗಳ ಅಧ್ಯಾಯದಲ್ಲಿ ಇಂಥ ಲೆಕ್ಕ ಬರಬೇಕು: ಗೋಡೆ, ಸ್ಥಳಾಂತರ, ಇಲ್ಲವೇ ನೀರಿನ ಮಟ್ಟವನ್ನೇ ಹಂತಹಂತವಾಗಿ ಏರಿಸುವುದು. "ಏನೂ ಮಾಡದೆ ಬಿಡುವುದು" ಕೂಡ ಒಂದು ಪರ್ಯಾಯ, ಅದರ ಖರ್ಚನ್ನೂ ಬರೆಯಬೇಕು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರಿಗೆ ಒಂದು ಮಾತು. ಅನುಮತಿ ಪಡೆದ ಯೋಜನೆಗಳು ಆರು ತಿಂಗಳಿಗೊಮ್ಮೆ ಷರತ್ತು ಪಾಲನೆಯ ವರದಿ ಕೊಡಬೇಕು, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ. ಇವು ಸಾರ್ವಜನಿಕ ದಾಖಲೆಗಳು. ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಬಹುದು, ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಒಂದು ವರದಿ ತೆಗೆದುಕೊಂಡು, ಡಿಒ ಮೀಟರು, ಜಿಪಿಎಸ್ ಹಿಡಿದು ಮೇ ತಿಂಗಳಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ಅನಗವಾಡಿ ಸೇತುವೆಯ ಕಡೆ ಹೋಗಿ ಬರ್ರಿ. ಸೆಮಿಸ್ಟರ್ ಒಂದರಲ್ಲಿ ಮುಗಿಯೋದಿಲ್ಲ. ಮೇನಲ್ಲಿ ಅಳೆದ ಸೀನಿಯರ್ ಬ್ಯಾಚು ತನ್ನ ಡೇಟಾವನ್ನ ಅಕ್ಟೋಬರ್‌ನ ಬ್ಯಾಚಿಗೆ ಕೊಟ್ಟು ಹೋಗಬೇಕಾಗುತ್ತದೆ.