ಸಹಿ ಹಾಕದ ಸಂಧಾನಕಾರ

ಜರ್ಮನಿಯ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಸಂಧಿಯನ್ನು ನಾವು ಓದುವಾಗ ರಾಜರನ್ನು ನೆನೆಯುತ್ತೇವೆ. ಫಾಬಿಯೊ ಕೀಜಿಯನ್ನು ಮರೆಯುತ್ತೇವೆ. 1599ರಲ್ಲಿ ಇಟಲಿಯ ಸಿಯೆನಾದಲ್ಲಿ ಜನಿಸಿ ಬಿಷಪ್ ಪದವಿಗೇರಿದ ಈತನು 1639ರಿಂದ ಕೊಲೋನ್ ನಗರದಲ್ಲಿ ಪೋಪನ ರಾಯಭಾರಿಯಾಗಿದ್ದನು. ಸಂಧಾನಕ್ಕೆಂದು ಮ್ಯೂನ್‌ಸ್ಟರಿಗೆ ಬಂದ ಫ್ರಾನ್ಸಿನ ದೂತರೂ ಚಕ್ರವರ್ತಿಯ ದೂತರೂ ಎದುರುಬದುರು ಕೂಡಲೊಲ್ಲರು. ಒಬ್ಬರ ಮಾತನ್ನು ಮತ್ತೊಬ್ಬರಿಗೆ ಮುಟ್ಟಿಸುವ ಭಾರ ಈತನ ಮೇಲೂ ವೆನಿಸಿನ ಕೊಂತಾರಿನಿಯ ಮೇಲೂ ಬಿದ್ದಿತು. ಆದರೆ ಪ್ರೊಟೆಸ್ಟೆಂಟರೊಡನೆ ವ್ಯವಹರಿಸಕೂಡದೆಂದು ರೋಮಿನ ಕಟ್ಟಪ್ಪಣೆ! ಒಪ್ಪಂದವು ಚರ್ಚಿನ ಆಸ್ತಿಗಳನ್ನು ಅವರಿಗೆ ಬಿಟ್ಟುಕೊಟ್ಟಾಗ, ವರ್ಷಗಟ್ಟಲೆ ದುಡಿದ ಈತನೇ ಸಹಿಯನ್ನು ನಿರಾಕರಿಸಿ ಪ್ರತಿಭಟನೆಯನ್ನು ಸಲ್ಲಿಸಬೇಕಾಯಿತು. ಈತನನ್ನು ದೂಷಿಸಲು ನಮಗೆ ಮನಸ್ಸಾಗದು. ದೂತನ ಬಾಯಿ ಆತನದಲ್ಲವಷ್ಟೆ. 1655ರಲ್ಲಿ ಈತನೇ ಏಳನೆಯ ಅಲೆಕ್ಸಾಂಡರನೆಂಬ ಹೆಸರಿನಿಂದ ಪೋಪನಾದನು. ರೋಮಿನ ಸಂತ ಪೀಟರನ ಚೌಕವನ್ನು ಬಳಸಿ ನಿಂತ ಬರ್ನೀನಿಯ ಕಂಬಸಾಲುಗಳು ಈತನ ಆಳ್ವಿಕೆಯ ಕಾಲದವು.