ಒಂದು ಪ್ರೇಮಸುನೀತವನ್ನು ಓದುವ ಬಗೆ

ಪ್ರೇಮವನ್ನು ಕುರಿತ ಪದ್ಯವನ್ನು ಹೆಣ್ಣುಮಕ್ಕಳಿಗೆ ಪಾಠವಾಗಿ ಇಡುವುದು ಯುಕ್ತವೇ ಎಂದು ಕೆಲವು ಪೋಷಕರು ನನ್ನನ್ನು ಕೇಳಿರುವುದುಂಟು. ಪ್ರಶ್ನೆಯು ಸದ್ಭಾವದಿಂದ ಬಂದುದು. ಆದಕಾರಣ ಅಂತಹ ಒಂದು ಪದ್ಯವನ್ನೇ ಮುಂದಿಟ್ಟುಕೊಂಡು ಉತ್ತರ ಹೇಳುವುದು ಮೇಲು. ಹಳೆಯ ವಿದ್ಯಾರ್ಥಿನಿಯರಿಗೆ ಇದರಿಂದ ತರಗತಿಯ ನೆನಪೂ ಆದೀತು.

ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ (1806–1861) ಎಂಬ ಆಂಗ್ಲ ಕವಯಿತ್ರಿಯು ರಚಿಸಿದ ‘ಸಾನೆಟ್ಸ್ ಫ್ರಮ್ ದಿ ಪೋರ್ಚುಗೀಸ್’ ಎಂಬ ಮಾಲೆಯು 1850ರಲ್ಲಿ ಪ್ರಕಟವಾಯಿತು. ಅದರ 44 ಸುನೀತಗಳಲ್ಲಿ 43ನೆಯದೇ ನಮ್ಮ ಪದ್ಯ. ಬಹುಕಾಲ ಅಸ್ವಸ್ಥೆಯಾಗಿದ್ದ ಈಕೆ, ಮಕ್ಕಳಾರೂ ವಿವಾಹವಾಗಕೂಡದೆಂಬ ತಂದೆಯ ಹಟವನ್ನು ಮೀರಿ, 1846ರಲ್ಲಿ ರಾಬರ್ಟ್ ಬ್ರೌನಿಂಗ್ ಕವಿಯನ್ನು ಗುಟ್ಟಾಗಿ ವರಿಸಿ ಇಟಲಿಗೆ ತೆರಳಿದಳು. ಕಥೆಯು ಸ್ವಾರಸ್ಯವಾದುದು; ಅಪಾಯವೂ ಅಲ್ಲಿಯೇ ಇದೆ. ಪರೀಕ್ಷೆಯಲ್ಲಿ ಅನೇಕರು ಎರಡು ಪುಟಗಳನ್ನು ಈ ಕಥೆಯಿಂದಲೇ ತುಂಬಿ, ಪದ್ಯಕ್ಕೆ ನಾಲ್ಕು ಸಾಲುಗಳನ್ನು ಉಳಿಸುತ್ತಾರೆ. ಪರೀಕ್ಷಕರು ಕೇಳುವುದು ಕವಯಿತ್ರಿಯ ಚರಿತ್ರೆಯನ್ನಲ್ಲ; ಪದ್ಯದ ಮಾತುಗಳು ಏನು ಮಾಡುತ್ತವೆ ಎಂಬುದನ್ನು.

ಮೊದಲು ಅದರ ರಚನೆಯನ್ನು ನೋಡೋಣ. ಇಟಲಿಯ ಪೆಟ್ರಾರ್ಕ್ ಕವಿಯ ಮಾದರಿಯಲ್ಲಿ ಇದಕ್ಕೆ 14 ಸಾಲುಗಳು: ಮೊದಲ ಎಂಟು ಸಾಲುಗಳು ಅಷ್ಟಕ, ಉಳಿದ ಆರು ಷಟ್ಕ. ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಅರ್ಥದ ಮಾತು ಒಂದೇ ರೂಪದಲ್ಲಿ 7 ಬಾರಿ ಬರುತ್ತದೆ. “ಪುನರುಕ್ತಿಯು ಸೊಗಸಾಗಿದೆ” ಎಂದು ಬರೆದರೆ ಸಾಲದು. ಅದೇಕೆ ಎಂದು ತೋರಿಸಬೇಕು. ಪ್ರೀತಿಯ ಬಗೆಗಳನ್ನು ಎಣಿಸುವೆನೆಂದು ಪದ್ಯವು ಆರಂಭವಾಗುತ್ತದೆ. ಪ್ರತಿಯೊಂದು ಆವೃತ್ತಿಯೂ ಒಂದು ಎಣಿಕೆ. ಕೊನೆಯ ಸಾಲಿನಲ್ಲಿ ಪ್ರೀತಿಯು ಮರಣದಾಚೆಗೂ ಚಾಚುತ್ತದೆ. ಲೆಕ್ಕವು ಅಲ್ಲಿ ಸೋಲುತ್ತದೆ.

ಬಳಿಕ ಭಾವದ ತಿರುವು. ಅಷ್ಟಕದಲ್ಲಿ ಆತ್ಮದ ಉನ್ನತವಾದ ಮಾತುಗಳ ನಡುವೆಯೇ ದಿನನಿತ್ಯದ ಸದ್ದಿಲ್ಲದ ಅಗತ್ಯಗಳಿಗೂ ಸ್ಥಾನವಿದೆ. ಹಗಲಿನ ಬಿಸಿಲೂ ಇರುಳಿನ ಮೇಣದಬತ್ತಿಯೂ ಅಲ್ಲಿವೆ. ಸಂಸಾರವನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಷಟ್ಕದಲ್ಲಿ ಆಕೆಯ ದೃಷ್ಟಿಯು ಹಿಂದಕ್ಕೆ ಹೊರಳಿ, ಹಳೆಯ ದುಃಖವನ್ನೂ ಬಾಲ್ಯದ ವಿಶ್ವಾಸವನ್ನೂ ಪ್ರೀತಿಗೆ ಬಂಡವಾಳವಾಗಿ ತರುತ್ತದೆ.

ಪದ್ಯದಲ್ಲಿ ಇಲ್ಲದುದನ್ನೂ ಗಮನಿಸಬೇಕು. ಪ್ರಿಯನ ಕಣ್ಣು, ಕೇಶ, ಮುಖಗಳ ವರ್ಣನೆ ಎಲ್ಲಿಯೂ ಇಲ್ಲ. 14ನೆಯ ಶತಮಾನದಲ್ಲಿ ಪೆಟ್ರಾರ್ಕನು ಲಾರಾ ಎಂಬಾಕೆಯನ್ನು ಹಾಡಿದ ಕಾಲದಿಂದ, ಇಂತಹ ಪದ್ಯಗಳಲ್ಲಿ ಹೆಣ್ಣು ಹೆಚ್ಚಾಗಿ ವರ್ಣನೆಗೆ ವಸ್ತುವಾಗಿದ್ದಳು. ಇಲ್ಲಿ ಅವಳೇ ಮಾತನಾಡುತ್ತಾಳೆ. ತಾನು ಪಡೆಯುವುದನ್ನಲ್ಲ, ಕೊಡುವುದನ್ನು ಹೇಳುತ್ತಾಳೆ. ಮರಣಾನಂತರದ ಪ್ರೀತಿಯನ್ನಾದರೋ ಹಕ್ಕೆಂದು ಕೇಳದೆ, ದೇವರ ಚಿತ್ತಕ್ಕೆ ಒಪ್ಪಿಸುತ್ತಾಳೆ. ಅವಸರದಲ್ಲಿ ಓದುವವರು ಈ ಸಣ್ಣ ಷರತ್ತನ್ನೇ ಬಿಟ್ಟುಬಿಡುತ್ತಾರೆ.

ಪೋಷಕರಿಗೆ ನನ್ನ ಉತ್ತರವಿಷ್ಟೆ. ಪ್ರೀತಿಯೆಂಬ ಮಾತನ್ನು ಅಗ್ಗವಾಗಿ ಆಡುವವರು ಲೋಕದಲ್ಲಿ ಬಹಳ ಮಂದಿ. ನಮ್ಮ ಮಕ್ಕಳು ಆ ಮಾತನ್ನು ಎಂದಾದರೂ ಕೇಳಿಯೇ ಕೇಳುವರು. ಅದನ್ನು ತರಗತಿಯಲ್ಲಿ ಒಮ್ಮೆ ತಕ್ಕಡಿಯಲ್ಲಿಟ್ಟು ತೂಗಿ ನೋಡಿದವಳು ಸುಲಭವಾಗಿ ಮೋಸಹೋಗಲಾರಳು.