ಬಿಸಿಲ ನಾಡಿನಲ್ಲಿ ಮಂಜಿನ ಆಟ

ವೈಶಾಖ ಮಾಸದಲ್ಲಿ ಸಿಲ್ಲೋಡಿನ ಬಿಸಿಲು ಎಂತಹುದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ನಾವು ಕಾಣುವ ಮಂಜುಗಡ್ಡೆಯೆಂದರೆ ಕಬ್ಬಿನ ರಸವಂತಿಯಲ್ಲಿ ಗೋಣಿಚೀಲ ಹೊದ್ದು ಕರಗುತ್ತಿರುವ ತುಂಡು ಮಾತ್ರ. ಹೀಗಿರುವಾಗ, ಮಂಜುಗಡ್ಡೆಯ ಮೇಲೆ ಆಡುವ ಹಾಕಿಯನ್ನು ಸೆಕೆಯ ನಾಡಿನವರು ತಮ್ಮದಾಗಿ ಮಾಡಿಕೊಂಡರೆಂದರೆ ನಂಬುವಿರಾ?

ಇದು ಕೆನಡ ದೇಶದಲ್ಲಿ ಬೆಳೆದ ಆಟ. ಪಕ್ಷವೊಂದಕ್ಕೆ ಅಂಗಳದಲ್ಲಿ ಆರು ಮಂದಿ. ಚೆಂಡಿಗೆ ಬದಲಾಗಿ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರಿನ ಬಿಲ್ಲೆ. ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು ಜಾರುತ್ತ ಆಡುತ್ತಾರೆ. ನಮ್ಮ ಲಡಾಖಿನಲ್ಲಿಯೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳ ಮೇಲೆ ಈ ಆಟ ನಡೆಯುತ್ತದೆ.

ಸೆಕೆಯ ನಾಡಿಗೆ ಇದನ್ನು ತಂದುದು ಶೈತ್ಯಯಂತ್ರ. ಕಾಂಕ್ರೀಟು ನೆಲದಲ್ಲಿ ಹೂಳಿದ ಕೊಳವೆಗಳೊಳಗೆ ಸೊನ್ನೆ ಡಿಗ್ರಿಗಿಂತಲೂ ತಣ್ಣಗಿರುವ ಉಪ್ಪುನೀರನ್ನು ಹರಿಸುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟದೆಂಬ ವಿಜ್ಞಾನದ ಪಾಠವನ್ನು ಇಲ್ಲಿ ನೆನೆಯಿರಿ. ನೆಲದ ಮೇಲೆ ಸಿಂಪಡಿಸಿದ ನೀರು ಪದರಪದರವಾಗಿ ಹೆಪ್ಪುಗಟ್ಟಿ, ಎರಡು ಮೂರು ಸೆಂಟಿಮೀಟರು ದಪ್ಪದ ಅಂಗಳವಾಗುತ್ತದೆ. ಲಂಡನ್ನಿನಲ್ಲಿ 1876ರಲ್ಲಿಯೇ ಇಂತಹ ಅಂಗಳವಿದ್ದಿತು.

ಆದರೆ ಅಂಗಳವನ್ನು ಕಟ್ಟಿದ ಮಾತ್ರಕ್ಕೆ ಆಟವು ಬೇರೂರುವುದಿಲ್ಲ. ಅಮೆರಿಕದ ತೆಂಕಣ ನಗರವಾದ ಅಟ್ಲಾಂಟಾದಲ್ಲಿ 1999ರಲ್ಲಿ ಆಡತೊಡಗಿದ ತಂಡವು 2011ರಲ್ಲಿ ಕೆನಡಕ್ಕೆ ಹೊರಟುಹೋಯಿತು. ಫ್ಲೋರಿಡದ ಟ್ಯಾಂಪಾ ನಗರದ ತಂಡವಾದರೋ 1992ರಿಂದ ಅಲ್ಲಿಯೇ ನೆಲೆಸಿ, 2004, 2020 ಮತ್ತು 2021ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಗೆಲುವು ಜನರನ್ನು ಸೆಳೆಯಿತು, ನಿಜ. ಆದರೆ ಆ ತಂಡದವರು ಶಾಲೆಗಳಿಗೆ ಹೋಗಿ ಮಕ್ಕಳ ಕೈಗೆ ಕೋಲು, ಚೆಂಡುಗಳನ್ನಿತ್ತು, ಮಂಜಿಲ್ಲದ ನೆಲದ ಮೇಲೆಯೇ ಆಟ ಕಲಿಸಿದುದನ್ನು ಮರೆಯಲಾಗದು. ಮರುಭೂಮಿಯ ಅರಿಜೋನಾದಲ್ಲಿ 1996ರಿಂದ ಇದ್ದ ತಂಡವು 2024ರಲ್ಲಿ ಊರು ಬಿಟ್ಟಿತು. ಆದರೂ ಅಲ್ಲಿ ಅದರ ಆಟವನ್ನು ನೋಡುತ್ತ ಬೆಳೆದ ಆಸ್ಟನ್ ಮ್ಯಾಥ್ಯೂಸ್ ಎಂಬ ಹುಡುಗನನ್ನು 2016ರಲ್ಲಿ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲಿಗನಾಗಿ ಆರಿಸಿಕೊಂಡರು. ಮರ ಹೋದರೂ ಬೀಜ ಉಳಿದಿತ್ತು.

ನಮ್ಮ ಕೊಡಗಿನತ್ತ ನೋಡಿರಿ. ಅಲ್ಲಿಯದು ಹುಲ್ಲಿನ ಮೇಲಣ ಹಾಕಿಯಾದರೂ ಪಾಠ ಒಂದೇ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಪಂದ್ಯಾವಳಿಯನ್ನು ಏರ್ಪಡಿಸಿದರು. ಅಂದು ಸೇರಿದ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ 360. ತಂಡಕ್ಕೆ ಮನೆತನದ ಹೆಸರಿರುವುದರಿಂದ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಅಂಗಳದ ಬದಿಗೆ ಬರುತ್ತಾರೆ. ಹೆಣ್ಣುಮಕ್ಕಳೂ ಕೋಲು ಹಿಡಿಯುತ್ತಾರೆ.

ಡೆಹರಾಡೂನಿನಲ್ಲಿ 2011ರ ಕ್ರೀಡಾಕೂಟಕ್ಕೆಂದು ಕಟ್ಟಿದ ಮಂಜಿನ ಅಂಗಳವು ಬಹು ವರ್ಷ ಮುಚ್ಚಿದ್ದು, 2025ರಲ್ಲಿ ಮತ್ತೆ ತೆರೆಯಿತು. ಅದೇ ವರ್ಷ ಮರುಭೂಮಿಯ ನಗರವಾದ ಅಲ್ ಐನಿನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಭಾರತದ ಮಹಿಳೆಯರು ಕಂಚಿನ ಪದಕವನ್ನು ಗಳಿಸಿದರು.

ಇದರಿಂದ ತಿಳಿಯುವುದೇನು? ನೋಡಿದವನು ಒಂದು ದಿನ ಮರೆಯಬಹುದು. ಒಮ್ಮೆ ಆಡಿದವನು ಮರೆಯಲಾರ. ತವರಿನಿಂದ ದೂರ ಬಂದುದು ಆಟವಾಗಲಿ, ಭಾಷೆಯಾಗಲಿ, ಮಕ್ಕಳ ಕೈಗೂ ಬಾಯಿಗೂ ಬಂದಾಗಲೇ ಹೊಸ ನೆಲದಲ್ಲಿ ಬಾಳುತ್ತದೆ. ಮರಾಠಿಯ ಈ ನೆಲದಲ್ಲಿ ಕನ್ನಡ ಓದುವ ನೀವು, ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಯಾವ ಮಾತಿನಲ್ಲಿ ಕೂಗಿ ಆಡುತ್ತೀರೆಂಬುದನ್ನು ನೀವೇ ಆಲೋಚಿಸಿರಿ.